ಬೆಂಕಿಬೆಟ್ಟದ ದ್ರಾಕ್ಷಿತೋಟ

ಜ್ವಾಲಾಮುಖಿಯ ಲಾವಾದಿಂದ ಭೂಮಿ ಫಲವತ್ತಾಗುತ್ತದೆಯೆಂದು ಮಕ್ಕಳು ಭೂಗೋಳದ ಪಾಠದಲ್ಲಿ ಓದುತ್ತಾರೆ. ಮಾತು ನಿಜ. ಆದರೆ ಆ ಫಲ ಯಾರಿಗೆ, ಎಷ್ಟು ಕಾಲದ ಮೇಲೆ ದೊರೆಯುತ್ತದೆ ಎಂಬುದನ್ನು ಇಟಲಿಯ ಸಿಸಿಲಿ ದ್ವೀಪದ ದ್ರಾಕ್ಷಿ ಬೆಳೆಗಾರರು ಚೆನ್ನಾಗಿ ಬಲ್ಲರು.

ಆ ದ್ವೀಪದ ಎಟ್ನಾ ಬೆಟ್ಟ 3,300 ಮೀಟರಿಗೂ ಎತ್ತರವಾದ ಜೀವಂತ ಜ್ವಾಲಾಮುಖಿ. ಅದರ ಇಳಿಜಾರಿನಲ್ಲಿ, ಸುಮಾರು 400ರಿಂದ 1,000 ಮೀಟರ್ ಎತ್ತರದವರೆಗೆ, ವೈನ್ ತಯಾರಿಕೆಗಾಗಿ ದ್ರಾಕ್ಷಿ ಬೆಳೆಯುತ್ತಾರೆ. ಲಾವಾಕಲ್ಲುಗಳನ್ನು ಆಯ್ದು, ಗಾರೆಯಿಲ್ಲದೆ ಒಡ್ಡು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ನೆಲ ಮಾಡಿಕೊಂಡಿದ್ದಾರೆ. ಹಳೆಯ ತೋಟಗಳಲ್ಲಿ ಚಪ್ಪರವಿಲ್ಲ. ಒಂದೊಂದು ಬಳ್ಳಿಗೂ ಒಂದೊಂದು ಮರದ ಗೂಟ. ಇಕ್ಕಟ್ಟಾದ ಆ ಮೆಟ್ಟಿಲುಗಳ ಮೇಲೆ ಬಹುಪಾಲು ಕೆಲಸ ಕೈಯಿಂದಲೇ ಆಗಬೇಕು. ನೆರೆಲ್ಲೊ ಮಸ್ಕಲೇಸೆ ಎಂಬ ಕಪ್ಪು ದ್ರಾಕ್ಷಿ ಮಾಗುವುದು ತಡವಾಗಿ, ಅಕ್ಟೋಬರಿನ ಹೊತ್ತಿಗೆ.

ಇಷ್ಟು ಕಷ್ಟಪಟ್ಟು ಅಲ್ಲಿಯೇ ಉಳಿಯಲು ಮಣ್ಣೇ ಕಾರಣ. ಬೂದಿ ಮತ್ತು ಲಾವಾಶಿಲೆ ಸವೆದು ಆದ ಆ ಕಪ್ಪು ಮಣ್ಣು ಖನಿಜಭರಿತವಾದುದು, ಮರಳಿನಂತೆ ಸಡಿಲವಾದುದು. ನೀರು ನಿಲ್ಲದೆ ಇಂಗುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಕೀಟವು ಬೇರಿನ ರಸ ಹೀರಿ ಯುರೋಪಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿತು. ಅಮೆರಿಕದ ಬಳ್ಳಿಗಳ ಬೇರಿಗೆ ಕಸಿ ಕಟ್ಟಿ ಅಲ್ಲಿಯವರು ಬೆಳೆಯನ್ನು ಉಳಿಸಿಕೊಂಡರು. ಎಟ್ನಾಕ್ಕೂ ಆ ಪೀಡೆ ತಟ್ಟಿತು. ಆದರೆ ಮರಳುಮಣ್ಣಿನಲ್ಲಿ ಕೀಟ ಸುಲಭವಾಗಿ ಹರಡಲಾರದು. ಆದುದರಿಂದ ಸ್ವಂತ ಬೇರಿನ ಮೇಲೆ ನಿಂತ, ನೂರು ವರ್ಷ ದಾಟಿದ ಬಳ್ಳಿಗಳು ಅಲ್ಲಿ ಕೆಲವೆಡೆ ಇಂದಿಗೂ ಫಲ ಕೊಡುತ್ತಿವೆ.

ಕೊಟ್ಟ ಬೆಟ್ಟವೇ ಕಸಿದುಕೊಳ್ಳುವುದೂ ಉಂಟು. 1928ರ ನವೆಂಬರಿನಲ್ಲಿ ಲಾವಾ ಹರಿದು ಮಾಸ್ಕಲಿ ಎಂಬ ಊರೇ ನಾಶವಾಯಿತು. 1981ರ ಮಾರ್ಚಿನಲ್ಲಿ ರಂದಾತ್ಸೊ ಪಟ್ಟಣದ ಸಮೀಪ ತೋಟಗಳು ಹೂತುಹೋದವು. ಹೊಸ ಲಾವಾ ಬರಿಯ ಬಂಡೆ; ಅದರಲ್ಲಿ ಬಳ್ಳಿ ಊರಲಾಗದು. ಮೊದಲು ಕಲ್ಲುಹೂವು ಹತ್ತಬೇಕು. ಅನಂತರ ಹಳದಿ ಹೂವಿನ ಪೊದೆಗಳು ಬೇರೂರಿ ಬಂಡೆಯನ್ನು ಬಿರಿಯಬೇಕು. ಅದು ಉಳುವಷ್ಟು ಮಣ್ಣಾಗಲು ಶತಮಾನಗಳೇ ಬೇಕು. ತೋಟ ಕಳೆದುಕೊಂಡವನಿಗಾಗಲಿ, ಅವನ ಮೊಮ್ಮಕ್ಕಳಿಗಾಗಲಿ ಅದರ ಫಲ ದಕ್ಕುವುದಿಲ್ಲ. ಇಂದು ದ್ರಾಕ್ಷಿ ಕೊಯ್ಯುವವನು ತಾನು ಹೆಸರರಿಯದ ಹಿರಿಯರ ಕಾಲದಲ್ಲಿ ಹರಿದ ಬೆಂಕಿಯ ಫಲವನ್ನು ಉಣ್ಣುತ್ತಿದ್ದಾನೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಎರೆಮಣ್ಣಿನ ಮೂಲವೂ ಲಾವಾಶಿಲೆಯೇ. ದಖ್ಖನಿನ ಆ ಬೆಂಕಿ ಹರಿದು ಸುಮಾರು 6.6 ಕೋಟಿ ವರ್ಷಗಳಾದವು. ಈ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಈಗ ಬೆಂಕಿಯ ಭಯವಿಲ್ಲ. ಆದರೆ ಮಳೆಯಲ್ಲಿ ಕೊಚ್ಚಿಹೋದ ಮಣ್ಣು ಮತ್ತೆ ಹುಟ್ಟಲು ಇಲ್ಲಿಯೂ ಅಷ್ಟೇ ದೀರ್ಘಕಾಲ ಬೇಕು. ಹೊಲದ ಒಡ್ಡು ಒಡೆದಾಗ ಮಕ್ಕಳಿಗೆ ಇದನ್ನು ತೋರಿಸಿ ಹೇಳಬಹುದು.