ಜಡ್ಜ್ ಟ್ರೂಮನ್ ಬಿಟ್ಟುಕೊಟ್ಟ ಹತ್ತು ಸಾವಿರ

ಹ್ಯಾರಿ ಟ್ರೂಮನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಹಿರೋಶಿಮಾ, ನಾಗಸಾಕಿ. ಸರಿಯೇ, ಆ ಲೆಕ್ಕ ಆತನ ಹೆಸರಿನಿಂದ ಯಾವತ್ತೂ ಅಳಿಸಿಹೋಗಲ್ಲ. ಆದ್ರೆ ಅಮೆರಿಕದ ಅಧ್ಯಕ್ಷ ಆಗೋಕೆ ಬಹಳ ಮುಂಚೆ ಈತ ಮಿಸೌರಿ ರಾಜ್ಯದ ಜಾಕ್ಸನ್ ಕೌಂಟಿಯಲ್ಲಿ ಜನ ಓಟು ಹಾಕಿ ಆರಿಸಿದ ಜಡ್ಜ್ ಆಗಿದ್ದ. ನಾವು, ಅದರಲ್ಲೂ ಸಿವಿಲ್‌ನವರು, ಓದಬೇಕಾಗಿರೋದು ಆ ಕಥೆಯನ್ನ.

ಜಡ್ಜ್ ಅಂದ್ರೆ ಕರಿ ಕೋಟು, ಸಾಕ್ಷಿ ಕಟಕಟೆ ಅಂದ್ಕೋಬೇಡಿ. ಅಲ್ಲಿನ ಕೌಂಟಿ ಕೋರ್ಟ್ ಆಗ ಹೆಸರಿಗೆ ಮಾತ್ರ ಕೋರ್ಟಾಗಿತ್ತು. ಅಸಲಿಗೆ ಅದು ಮೂರು ಜನರ ಆಡಳಿತ ಮಂಡಳಿ. ರಸ್ತೆ, ಕಟ್ಟಡ, ಬಜೆಟ್ ನೋಡಿಕೊಳ್ಳೋದು ಅದರ ಕೆಲಸವಾಗಿತ್ತು. ನಮ್ಮ ಜಿಲ್ಲಾ ಪಂಚಾಯಿತಿಗೆ ಹತ್ತಿರ ಅನ್ನಬಹುದು. ಟ್ರೂಮನ್ ಹತ್ರ ಲಾ ಡಿಗ್ರಿ ಇರಲಿಲ್ಲ, ಬೇರೆ ಯಾವ ಡಿಗ್ರಿಯೂ ಇರಲಿಲ್ಲ. (ಪ್ಲೇಸ್‌ಮೆಂಟ್ ಸೆಲ್‌ನವರು ಇದನ್ನ ಓದದಿರಲಿ.) ಇದ್ದದ್ದು ಸೈನ್ಯದಲ್ಲಿ ಗಳಿಸಿದ ಹೆಸರು. 1918ರಲ್ಲಿ ಫ್ರಾನ್ಸ್‌ನಲ್ಲಿ ಫಿರಂಗಿ ದಳವೊಂದಕ್ಕೆ, 129ನೇ ಫೀಲ್ಡ್ ಆರ್ಟಿಲರಿಯ ಬ್ಯಾಟರಿ ಡಿಗೆ, ಕ್ಯಾಪ್ಟನ್ ಆಗಿದ್ದ. ವಾಪಸ್ ಬಂದು ಗೆಳೆಯನ ಜೊತೆ ಗಂಡಸರ ಬಟ್ಟೆ ಅಂಗಡಿ ಇಟ್ಟ, ಅದು 1922ರಲ್ಲಿ ಮುಳುಗಿತು. ಅದೇ ವರ್ಷ ಚುನಾವಣೆಗೆ ನಿಂತ, ಜೊತೆಗೆ ಯುದ್ಧ ಮಾಡಿದ್ದ ಹುಡುಗರೇ ಓಟು ಕೇಳಿದ್ರು. ಗೆದ್ದ, 1924ರಲ್ಲಿ ಸೋತ, 1926ರಲ್ಲಿ ಮಂಡಳಿಯ ಮುಖ್ಯ ಜಡ್ಜ್ ಆಗಿ ವಾಪಸ್ ಬಂದ.

ಟಿಕೆಟ್ ಕೊಟ್ಟಿದ್ದು ಮಾತ್ರ ಪೆಂಡರ್‌ಗ್ಯಾಸ್ಟ್ ಕುಟುಂಬ. ಟಾಮ್ ಪೆಂಡರ್‌ಗ್ಯಾಸ್ಟ್ ಅಂದ್ರೆ ಕಾನ್ಸಸ್ ಸಿಟಿಯ ರಾಜಕೀಯ ಬಾಸ್. ಆತನದ್ದೇ ಒಂದು ರೆಡಿಮಿಕ್ಸ್ ಕಾಂಕ್ರೀಟ್ ಕಂಪನಿಯೂ ಇತ್ತು. ಓಟು ಬಾಸ್‌ದು, ಕಾಂಕ್ರೀಟ್ ಬಾಸ್‌ದು, ಜಡ್ಜ್ ಕೂಡ ಬಾಸ್ ಕಡೆಯವನೇ. ಮುಂದಿನ ಕಥೆ ನಮಗೆ ಕೇಳದೇನೇ ಗೊತ್ತು ಅನ್ಸುತ್ತೆ ಅಲ್ವಾ?

ಆದ್ರೆ ಟ್ರೂಮನ್ ಮೊದಲು ಮಾಡಿದ್ದು ಇಬ್ಬರು ಎಂಜಿನಿಯರ್‌ಗಳನ್ನ ಕರೆದಿದ್ದು. ಒಬ್ಬ ಎಡ್ವರ್ಡ್ ಸ್ಟೇಟನ್, ಇವನ ಹಾಗೇ ಯುದ್ಧದಿಂದ ಬಂದವನು. ಇನ್ನೊಬ್ಬ ಎನ್.ಟಿ. ವೀಚ್, ಎದುರು ಪಕ್ಷವಾದ ರಿಪಬ್ಲಿಕನ್ ಪಾರ್ಟಿಯವನು. ಕೌಂಟಿಯ ರಸ್ತೆಗಳು ಆಗ ಮೇಲೊಂದು ತೆಳು ಪದರ ಎಳೆದಿದ್ದ, ಮಳೆಗಾಲಕ್ಕೆ ಕಿತ್ತುಬರೋ ಥರದವು. ಇವರಿಬ್ಬರೂ ಇಡೀ ಕೌಂಟಿ ಸರ್ವೆ ಮಾಡಿ ಕಾಂಕ್ರೀಟ್ ರಸ್ತೆಗಳ ಪ್ಲಾನ್ ಬರೆದ್ರು. ಪ್ಲಾನ್ ಜನರ ಮುಂದಿಟ್ಟ ಮೇಲೇ ದುಡ್ಡು ಕೇಳಿದ್ದು. 1928ರಲ್ಲಿ ಮತದಾರರು ರಸ್ತೆಗೆ 65 ಲಕ್ಷ ಡಾಲರ್ ಬಾಂಡ್ ಒಪ್ಪಿದ್ರು. ಟೆಂಡರ್‌ನಲ್ಲಿ ಯಾರು ಕಡಿಮೆ ಕೂಗ್ತಾರೋ ಅವರಿಗೇ ಕೆಲಸ ಅಂತ ಟ್ರೂಮನ್ ಹಟ ಹಿಡಿದ. ಕೆಲಸ ಹೊರರಾಜ್ಯದವರಿಗೂ ಹೋಯ್ತು. ಲೋಕಲ್ ಕಾಂಟ್ರಾಕ್ಟರ್‌ಗಳು ಬಾಸ್ ಹತ್ರ ದೂರು ಒಯ್ದರು. ಟ್ರೂಮನ್ ಬಗ್ಗಲಿಲ್ಲ. ಆಶ್ಚರ್ಯ ಅಂದ್ರೆ, ಬಾಸ್ ಕೂಡ ಒತ್ತಾಯ ಮಾಡಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ರೆ ಎಥಿಕ್ಸ್ ಪೇಪರ್‌ಗೆ ಹತ್ತು ಮಾರ್ಕಿನ ಉತ್ತರ ರೆಡಿ.

ಆದ್ರೆ ಟ್ರೂಮನ್ ಪಿಕ್‌ವಿಕ್ ಅನ್ನೋ ಹೋಟೆಲ್‌ನಲ್ಲಿ ಕೂತು ತನಗಾಗಿ ಬರೆದುಕೊಂಡ ಟಿಪ್ಪಣಿಗಳಿವೆ. ರಸ್ತೆಯ ದುಡ್ಡು ಉಳಿಸೋಕೆ, ಜೊತೆಯ ಜಡ್ಜ್‌ನ ಸಮಾಧಾನ ಮಾಡೋಕೆ, ಬಾಸ್‌ನ ಗೆಳೆಯನೊಬ್ಬ ಕೌಂಟಿ ಖಜಾನೆಯಿಂದ ಸುಮಾರು 10,000 ಡಾಲರ್ ಕದಿಯೋಕೆ ಬಿಟ್ಟೆ ಅಂತ ಅದರಲ್ಲಿದೆ. ಮಾಡಿದ್ದು ಸರಿಯಾ, ನಾನೂ ಅಪರಾಧದಲ್ಲಿ ಪಾಲುದಾರನಾದೆನಾ ಅಂತ ತನ್ನನ್ನೇ ಕೇಳಿಕೊಂಡಿದ್ದಾನೆ.

ಹಾಸ್ಟೆಲ್‌ನಲ್ಲಿ ಇದನ್ನ ಮಾತಾಡಿದಾಗ ನಮ್ಮಲ್ಲಿ ತುಂಬಾ ಜನ ಟ್ರೂಮನ್ ಕಡೆಗೇ ನಿಂತ್ರು. 65 ಲಕ್ಷದಲ್ಲಿ ಹತ್ತು ಸಾವಿರ ಅಂದ್ರೆ 0.15 ಪರ್ಸೆಂಟ್, ನಮ್ಮ ಲ್ಯಾಬ್ ರೀಡಿಂಗ್‌ಗಳ ಎರರ್ ಇದಕ್ಕಿಂತ ಜಾಸ್ತಿ ಅಂತ. ಈ ಲೆಕ್ಕ ತಪ್ಪು. ಆ ಹತ್ತು ಸಾವಿರ ರಸ್ತೆ ಬಾಂಡಿನದ್ದಲ್ಲ, ಕೌಂಟಿಯ ಸಾಮಾನ್ಯ ಆದಾಯದ್ದು. ಒಂದು ಜೇಬು ಕಾಯೋಕೆ ಇನ್ನೊಂದು ಜೇಬು ಬಿಚ್ಚಿದ್ದು. ಬಾಂಡಿನ ದುಡ್ಡಿನ ಸುತ್ತ ಬಹಿರಂಗ ಪ್ಲಾನ್ ಇತ್ತು, ಎರಡು ಪಕ್ಷದ ಎಂಜಿನಿಯರ್‌ಗಳಿದ್ರು, ಓಪನ್ ಟೆಂಡರ್ ಇತ್ತು. ಇನ್ನೊಂದರ ಸುತ್ತ ಇದ್ದದ್ದು ಒಬ್ಬ ಒಳ್ಳೆ ಮನುಷ್ಯನ ಮನಸ್ಸಾಕ್ಷಿ ಅಷ್ಟೇ, ಅದು ಚೌಕಾಸಿಗೆ ಇಳೀತು. ಇದಕ್ಕೇ ನಾವು ಟ್ರೂಮನ್‌ಗಿಂತ ಆ ಸರ್ವೆಯನ್ನ ಹೆಚ್ಚು ನಂಬ್ತೀವಿ.

ಆದ್ರೂ ಒಂದು ವಿಷಯದಲ್ಲಿ ಆತನಿಗೆ ಮರ್ಯಾದೆ ಕೊಡ್ತೀವಿ. ಕದ್ದದ್ದನ್ನ ಕದ್ದದ್ದು ಅಂತಲೇ ಬರೆದ, 'ಅಡ್ಜಸ್ಟ್‌ಮೆಂಟ್' ಅನ್ನಲಿಲ್ಲ. ನಮ್ಮಲ್ಲಿ ಕೆಲವರ ಮನೇಲೇ ಕಾಂಟ್ರಾಕ್ಟರ್‌ಗಳಿದ್ದಾರೆ. ಎಷ್ಟು ಪರ್ಸೆಂಟ್ ಅನ್ನೋ ಮಾತನ್ನ ಊಟದ ಹೊತ್ತಲ್ಲಿ ಕೇಳಿ ಬೆಳೆದವರು ನಾವು. ಇನ್ನು ಮೂರ್ನಾಲ್ಕು ವರ್ಷಕ್ಕೆ ಮೆಷರ್‌ಮೆಂಟ್ ಬುಕ್ ನಮ್ಮ ಮುಂದೆ ಬರುತ್ತೆ, ಪೆನ್ ಕೂಡ ಅವರೇ ಕೊಡ್ತಾರೆ.

ಪೆಂಡರ್‌ಗ್ಯಾಸ್ಟ್ 1939ರಲ್ಲಿ ಆದಾಯ ತೆರಿಗೆ ವಂಚಿಸಿದ್ದಕ್ಕೆ ಜೈಲಿಗೆ ಹೋದ. 1945ರ ಜನವರಿಯಲ್ಲಿ ಸತ್ತಾಗ ಟ್ರೂಮನ್ ದೇಶದ ಉಪಾಧ್ಯಕ್ಷ. ಅಂತ್ಯಸಂಸ್ಕಾರಕ್ಕೆ ಹೋದ. ಹೋಗಬಾರದಿತ್ತು ಅಂತ ನಮ್ಮಲ್ಲಿ ಕೆಲವರು, ಹೋಗದಿದ್ರೆ ಇನ್ನೂ ಸಣ್ಣವನಾಗ್ತಿದ್ದ ಅಂತ ಇನ್ನು ಕೆಲವರು. ಮೆಸ್ ಬಾಗಿಲು ಹಾಕೋ ತನಕ ಇದೇ ಜಗಳ ನಡೀತು.