ನುಡಿಸುವವಳು ನಾನು

ವೀಣೆ ಮಾಡಿಸಲು ಹೋದರೆ ಮಾತುಕತೆಯೆಲ್ಲ ನಮ್ಮ ಯಜಮಾನರ ಜೊತೆ! ಇಪ್ಪತ್ತು ವರ್ಷ ತಂತಿ ಮೀಟಿದ ಬೆರಳು ನನ್ನದು. ಶ್ರುತಿ ಯಾವುದೆಂದು ಅವರನ್ನು ಕೇಳಿದರೆ ಏನು ಹೇಳಿಯಾರು, ಪಾಪ? ನಮ್ಮ ಪಾಲಿಗೆ “ನಂಬಿಕೆ ಇಡಿ ಅಮ್ಮಾ” ಅಷ್ಟೇ. ಯಾಕೆ ಇಡಬೇಕು? ಹಲಸು ಒಣಗಿತ್ತೇ, ಕೊಡ-ದಂಡಿ ಒಂದೇ ಮರದ್ದೇ, ಜೋಡಿಸಿದ್ದೇ ಎಂಬುದು ಪಾಲಿಶ್ ಆದ ಮೇಲೆ ಸುಲಭಕ್ಕೆ ತಿಳಿಯದು. ಹಸಿ ಮರ ಆಮೇಲೆ ಸೊಟ್ಟಗಾದರೆ 24 ಮೆಟ್ಟಿಲುಗಳೂ ಕೈಕೊಡುತ್ತವೆ. ಕೊಡ ಕೊರೆಯುವಾಗಲೇ ಹೋಗಿ ನೋಡಿ. ಮುಂಗಡದ ಚೀಟಿಯಲ್ಲಿ ಮರ, ಶ್ರುತಿ, ತಾರೀಖು ಬರೆಸಿ. ಮೇಣದ ಮೇಲೆ ಮೆಟ್ಟಿಲು ಕೂರಿಸುವ ದಿನ ಪಕ್ಕದಲ್ಲೇ ಕೂತು ಕೇಳಿ. ಒಂದು ಸೀರೆಗೆ ಹತ್ತು ಅಂಗಡಿ ಹತ್ತುವ ನಮಗೆ ಇಲ್ಲೇಕೆ ಸಂಕೋಚ? ಅವರಿಗೆ ಬೇಸರವಾದೀತು ಎನ್ನುತ್ತೀರಾ? ಕೆಲಸ ಬಲ್ಲವರಿಗೆ ಆಗುವುದಿಲ್ಲ. ಕೇಳಿದ್ದಕ್ಕೆ ಖುಷಿಯಾಗಿ, ಮರ ತಟ್ಟಿ ನಾದ ಕೇಳಿಸಿದವರನ್ನೂ ಕಂಡಿದ್ದೇನೆ.