ಹಂದಿಗೆ ನೀತಿಸಂಹಿತೆ ಗೊತ್ತಿಲ್ಲ!

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಕೃಷಿಕ ಬಂಧುಗಳೇ,

ಚುನಾವಣೆ ಘೋಷಣೆಯಾದರೆ ಸಾಕು, ಠಾಣೆಯಿಂದ ಕರೆ ಬರುತ್ತದೆ: ಕೋವಿ ತಂದು ಠೇವಣಿ ಇಡಿ. 2024ರ ಲೋಕಸಭಾ ಚುನಾವಣೆಯನ್ನೇ ನೋಡಿ. ಘೋಷಣೆ ಮಾರ್ಚ್ 16ಕ್ಕೆ. ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು. ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಕಾಡಿನಲ್ಲಿ ನೀರು ಬತ್ತಿ ಮಂಗಗಳು ಸೀಯಾಳಕ್ಕೆ, ಹಂದಿಗಳು ಬಾಳೆಯ ಬುಡಕ್ಕೆ ಬರುವ ಕಾಲವೂ ಅದೇ. ಕೋವಿ ಠಾಣೆಯಲ್ಲಿ, ಹಂದಿ ತೋಟದಲ್ಲಿ! ವಿಧಾನಸಭೆ, ಲೋಕಸಭೆ, ಪಂಚಾಯತ್ ಎಂದು ಐದು ವರ್ಷಕ್ಕೆ ಮೂರು ಬಾರಿಯಾದರೂ ಈ ಮೆರವಣಿಗೆ ತಪ್ಪಿದ್ದಲ್ಲ.

ಎಲ್ಲರ ಕೋವಿಯನ್ನೂ ಹೀಗೆ ಸಾರಾಸಗಟಾಗಿ ತರಿಸಿಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಬಾಂಬೆ ಹೈಕೋರ್ಟಿನ ತೀರ್ಪಿನ ನಂತರ 2009ರಲ್ಲಿ ಆಯೋಗ ಕೊಟ್ಟ ಸೂಚನೆ ಬೇರೆಯೇ ಇದೆ. ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕು. ಅದು ಪರವಾನಗಿದಾರರನ್ನು ಒಬ್ಬೊಬ್ಬರನ್ನಾಗಿ ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು, ಇಂಥವರ ಕೋವಿ ಠೇವಣಿಯಾಗಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಒಂದು ಕೇಸೂ ಇಲ್ಲದೆ ಅಡಿಕೆ ತೋಟ ಕಾಯುತ್ತಿರುವ ಎಪ್ಪತ್ತರ ಅಜ್ಜ ಯಾವ ಮತಗಟ್ಟೆಗೆ ಬೆದರಿಕೆ? ಬ್ಯಾಂಕು ಕಾಯುವವನ ಕೋವಿಗೆ ವಿನಾಯಿತಿ ಸಿಗುತ್ತದೆ, ಬ್ಯಾಂಕಿನ ಸಾಲ ತೀರಿಸಬೇಕಾದ ಬೆಳೆ ಕಾಯುವವನ ಕೋವಿಗೆ ಇಲ್ಲ.

ಕೋವಿ ನಮಗೆ ಯಾರೋ ದಯಪಾಲಿಸಿದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲೇ ಬೆಳೆ ರಕ್ಷಣೆಯ ಮಾತಿದೆ. ಪರವಾನಗಿ ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಆಸ್ತಿ ಸಾಲದು ಎಂಬ ಒಂದೇ ನೆಪ ನಡೆಯುವುದಿಲ್ಲ ಎಂದು 14ನೆಯದು ಹೇಳುತ್ತದೆ. ಮೇಲ್ಮನವಿಗೆ 18ನೇ ಸೆಕ್ಷನ್ ಇದೆ. ಇದನ್ನೆಲ್ಲ ನಾವು ಓದಿಲ್ಲ ಎಂಬ ಧೈರ್ಯದ ಮೇಲೆ ಕಚೇರಿಗಳು ನಡೆಯುತ್ತಿವೆ.

ಸಂಪಾಜೆ ದಾಟಿದರೆ ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಅರ್ಜಿ 2021ರಲ್ಲಿ ವಜಾ ಆಯಿತು. ಅವರ ಚರಿತ್ರೆ ಬೇರೆ, ನಾವು ಅಷ್ಟು ಕೇಳುತ್ತಲೂ ಇಲ್ಲ. ಆದರೆ ಅವರು ಕೋವಿಯ ವಿಷಯ ಬಂದಾಗ ಪಕ್ಷ ಬದಿಗಿಟ್ಟು ಮಾತಾಡುತ್ತಾರೆ. ನಾವು ಠಾಣೆಯ ಜಗಲಿಯಲ್ಲಿ ಸಾಲುನಿಂತು ಗೊಣಗಿ, ಬಸ್ಸು ಹತ್ತಿ ಮನೆಗೆ ಬರುತ್ತೇವೆ.

ಚುನಾವಣೆ ಘೋಷಣೆಯಾದ ಮೇಲೆ ಅರ್ಜಿ ಹಿಡಿದು ಓಡಿದರೆ ಕೇಳುವವರಿಲ್ಲ. ಈಗಲೇ ಏಳಿ. ಒಬ್ಬೊಬ್ಬರನ್ನೂ ಪರಿಶೀಲಿಸದೆ ಕೋವಿ ತರಿಸಿಕೊಳ್ಳಬಾರದು ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ನಿರ್ಣಯ ಬರೆಸಿ, ನಡಾವಳಿಯ ಪ್ರತಿ ಪಡೆಯಿರಿ. ಸಹಕಾರಿ ಸಂಘದ ಮಹಾಸಭೆಯಲ್ಲಿ ಲಾಭಾಂಶದ ಚರ್ಚೆ ಮುಗಿದ ಕೂಡಲೇ ಊಟಕ್ಕೆ ಏಳಬೇಡಿ, ಇದನ್ನೂ ಎತ್ತಿ. ಕಳೆದ ಚುನಾವಣೆಯಲ್ಲಿ ಪರಿಶೀಲನಾ ಸಮಿತಿ ಎಷ್ಟು ಸಲ ಸೇರಿತು, ನಮ್ಮ ಹೆಸರಿನ ಮುಂದೆ ಏನು ಬರೆಯಿತು? ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಿ. ಪಂಚಾಯತ್ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದಕ್ಕೂ ಪ್ರತ್ಯೇಕ ಮನವಿ ಹೋಗಲಿ. ಮತ ಕೇಳಲು ಅಂಗಳಕ್ಕೆ ಬಂದವರಿಗೆ ಬೆಲ್ಲ ನೀರು ಕೊಡಿ, ಜೊತೆಗೆ ಈ ಪ್ರಶ್ನೆಯನ್ನೂ ಕೊಡಿ: ಗೆದ್ದರೆ ಕೋವಿ ಠೇವಣಿಯ ಬಗ್ಗೆ ಸದನದಲ್ಲಿ ಮಾತಾಡುತ್ತೀರಾ? ಉತ್ತರವನ್ನು ನಾಲ್ಕು ಜನರ ಎದುರೇ ಹೇಳಿಸಿ.

ಎರಡು ಮಾತು ಖಡಾಖಂಡಿತ. ಠೇವಣಿ ಆದೇಶ ಬಂದರೆ ಕೋವಿ ಬಚ್ಚಿಡಬೇಡಿ. ಕೊಡಿ, ರಸೀದಿ ಪಡೆಯಿರಿ, ಜಗಳ ಕಾಗದದಲ್ಲಿ ಆಡಿ. ಮತ್ತೆ, ಪರವಾನಗಿ ಎಂದರೆ ಬೇಟೆಯ ರಹದಾರಿ ಅಲ್ಲ. 1972ರ ವನ್ಯಜೀವಿ ಕಾಯ್ದೆ ನಮಗೂ ಇದೆ. ಮಾಂಸದಾಸೆಗೆ ರಾತ್ರಿ ಕಾಡು ನುಗ್ಗುವವನ ಪರ ನಾವು ನಿಲ್ಲುವುದಿಲ್ಲ, ಅಂಥವನಿಂದಲೇ ನಮ್ಮೆಲ್ಲರ ಮೇಲೆ ಸಂಶಯ.

ಓದಿದ ಮೇಲೆ ಇದನ್ನು ಮಡಚಿ ಕಿಸೆಗಿಡಬೇಡಿ. ಕೋವಿ ಇರುವ ಪಕ್ಕದ ಮನೆಯವರಿಗೆ ದಾಟಿಸಿ, ಗ್ರಾಮಸಭೆಗೆ ಅವರನ್ನೂ ಕರೆದುಕೊಂಡು ಬನ್ನಿ.

– ಕೋವಿ ಪರವಾನಗಿ ಹೊಂದಿರುವ ಕೃಷಿಕರು